ಜೀವಕೋಶ ದಾರಿ ಹಿಡಿಯೋದು ರಾಸಾಯನಿಕದ ಜಾಡಿನಿಂದ ಮಾತ್ರಾನಾ? ಎಳೆತ, ಒತ್ತಡಕ್ಕೂ ಪಾಲು ಇದೆಯಾ?

ಜೀವಶಾಸ್ತ್ರದ_ಮೇಷ್ಟ್ರು:
ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಜೀವಕೋಶಗಳ ಚಲನೆಯ ಅಧ್ಯಾಯ ಬಂದಾಗೆಲ್ಲ ಹೇಳೋದು ಒಂದೇ ಕಥೆ. ಗಾಯವಾದ ಜಾಗದಿಂದ ರಾಸಾಯನಿಕ ಹರಡುತ್ತದೆ, ಬಿಳಿ ರಕ್ತಕಣ ಅದರ ಜಾಡು ಹಿಡಿದು ಹೋಗುತ್ತದೆ. ಭ್ರೂಣದಲ್ಲೂ ಅದೇ, ಕ್ಯಾನ್ಸರಿನಲ್ಲೂ ಅದೇ.

ಮೊನ್ನೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ಕೋಶದ ಸುತ್ತಲಿನ ಜಾಗ ಗಟ್ಟಿಯಾಗಿದ್ರೆ, ಇಲ್ಲಾ ಪಕ್ಕದ ಕೋಶ ಎಳೀತಾ ಇದ್ರೆ, ಅದರ ದಾರಿ ಬದಲಾಗಲ್ವಾ?" ಒಳ್ಳೆಯ ಪ್ರಶ್ನೆ. ಓದಿ ನೋಡಿದರೆ ಬಲಗಳ ಬಗ್ಗೆ ರಾಶಿ ಕೆಲಸ ಆಗಿದೆ. ಆದರೆ ಬಹುಪಾಲು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬಲ ನಿಜವಾಗಿ ದಿಕ್ಕು ತೋರಿಸುತ್ತದೆಯೋ, ಅಥವಾ ರಾಸಾಯನಿಕ ತೋರಿಸಿದ ದಿಕ್ಕಿನಲ್ಲಿ ಬರೀ ವೇಗ ಹೆಚ್ಚು ಕಡಿಮೆ ಮಾಡುತ್ತದೆಯೋ? ಜೀವಂತ ಅಂಗಾಂಶದಲ್ಲಿ ಇದು ನಡೆಯುತ್ತದೆ ಅನ್ನೋದಕ್ಕೆ ಸರಿಯಾದ ಸಾಕ್ಷಿ ಇದೆಯಾ? ಪಾಠಕ್ಕೆ ಸೇರಿಸಬೇಕು ಅಂದರೆ ನನಗೆ ಎರಡನೆಯದೇ ಮುಖ್ಯ.

ಮೃದುಜೆಲ್:
ಮೊದಲನೆಯದಕ್ಕೆ ಉತ್ತರ ಹೌದು, ದಿಕ್ಕು ತೋರಿಸುತ್ತದೆ. ತಟ್ಟೆಯಲ್ಲಂತೂ ಇದರಲ್ಲಿ ಅನುಮಾನವೇ ಇಲ್ಲ.

ಕೋಶ ತನ್ನ ಕೆಳಗಿನ ನೆಲವನ್ನು ಎಳೆಯುತ್ತದೆ ಅಂತ ಕಣ್ಣಿಗೆ ಕಾಣುವ ಹಾಗೆ ತೋರಿಸಿದ್ದು ಆಲ್ಬರ್ಟ್ ಹ್ಯಾರಿಸ್ ಮತ್ತು ಜೊತೆಗಾರರು, 1980ರಲ್ಲಿ. ತೆಳ್ಳನೆಯ ಸಿಲಿಕೋನ್ ಪೊರೆಯ ಮೇಲೆ ಕೋಶಗಳನ್ನು ಬಿಟ್ಟರು. ಕೋಶ ಎಳೆದ ಕಡೆಯೆಲ್ಲ ಪೊರೆ ಸುಕ್ಕುಗಟ್ಟಿತು. ಆಮೇಲೆ 1997ರಲ್ಲಿ ಪೆಲ್ಹಾಮ್ ಮತ್ತು ಯೂ-ಲಿ ವಾಂಗ್ ಪಾಲಿಅಕ್ರಿಲಮೈಡ್ ಜೆಲ್ ಬಳಸಿದರು. ಇದರಲ್ಲಿ ಗಟ್ಟಿತನವನ್ನು ಬೇಕಾದ ಹಾಗೆ ಇಟ್ಟುಕೊಳ್ಳಬಹುದು, ಮೇಲಿನ ಕೊಲಾಜೆನ್ ಅನ್ನೋ ಪ್ರೋಟೀನಿನ ಲೇಪ ಮಾತ್ರ ಎಲ್ಲ ಕಡೆ ಒಂದೇ. ಅಂದರೆ ಕೋಶಕ್ಕೆ ಸಿಗುವ ರಾಸಾಯನಿಕ ಸಂಕೇತದಲ್ಲಿ ವ್ಯತ್ಯಾಸ ಇಲ್ಲ.

2000ದಲ್ಲಿ ವಾಂಗ್ ಅವರ ಗುಂಪೇ ಅರ್ಧ ಮೆತ್ತಗೆ, ಅರ್ಧ ಗಟ್ಟಿ ಇರುವ ಜೆಲ್ ಮಾಡಿತು. ಮೆತ್ತಗಿನ ಕಡೆಯಿಂದ ಬಂದ ಫೈಬ್ರೊಬ್ಲಾಸ್ಟ್ (ಅಂಗಾಂಶದಲ್ಲಿ ಕೊಲಾಜೆನ್ ಮಾಡುವ ಕೋಶ) ಗಡಿ ದಾಟಿ ಆರಾಮಾಗಿ ಗಟ್ಟಿ ಕಡೆಗೆ ಹೋಯಿತು. ಗಟ್ಟಿ ಕಡೆಯಿಂದ ಬಂದದ್ದು ಗಡಿಯಲ್ಲೇ ತಿರುಗಿತು, ಇಲ್ಲಾ ಗಡಿಯ ಉದ್ದಕ್ಕೂ ಸಾಗಿತು. ಇದಕ್ಕೇ ಡ್ಯೂರೋಟ್ಯಾಕ್ಸಿಸ್ ಅಂತ ಹೆಸರಿಟ್ಟರು. ಇನ್ನೂ ಒಂದು ಮಾಡಿದರು. ಸಣ್ಣ ಸೂಜಿಯಿಂದ ಜೆಲ್ಲನ್ನೇ ಎಳೆದು ತಳ್ಳಿ ಕೋಶದ ದಾರಿ ತಿರುಗಿಸಿದರು. ಇಲ್ಲಿ ವೇಗದ ಮಾತೇ ಅಲ್ಲ, ದಿಕ್ಕೇ ಬದಲಾಯಿತು.

ಎರಡನೇ_ಬೆಂಚು:
ಕೋಶಕ್ಕೆ ಕಣ್ಣಿಲ್ಲ, ನರ ಇಲ್ಲ. ನೆಲ ಗಟ್ಟಿ ಅಂತ ಅದಕ್ಕೆ ಗೊತ್ತಾಗೋದು ಹೇಗೆ?

ಭೌತಿ:
ಎಳೆದು ನೋಡಿ ತಿಳಿಯುತ್ತದೆ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಕೋಶದ ಮುಂದಿನ ಅಂಚಿನಲ್ಲಿ ಆಕ್ಟಿನ್ ಎಳೆಗಳು ಬೆಳೆಯುತ್ತಾ ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ. ಅದೇ ಹೊತ್ತಿಗೆ ಮಯೋಸಿನ್ ಅನ್ನೋ ಪ್ರೋಟೀನ್ ಅದೇ ಎಳೆಗಳನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ಆಕ್ಟಿನ್ ಸದಾ ಅಂಚಿನಿಂದ ಒಳಕ್ಕೆ ಹರಿಯುತ್ತಾ ಇರುತ್ತದೆ. ಹೊರಗೆ ಇಂಟಿಗ್ರಿನ್ ಅನ್ನೋ ಪ್ರೋಟೀನುಗಳು ನೆಲ ಹಿಡಿದಿವೆ. ಇಂಟಿಗ್ರಿನ್‌ಗೂ ಆಕ್ಟಿನ್‌ಗೂ ನಡುವೆ ಕೊಂಡಿಯ ಹಾಗೆ ಟಾಲಿನ್ ಅನ್ನೋ ಪ್ರೋಟೀನ್ ಇದೆ. ಈ ಮೂರೂ ಕೂಡಿದರೆ ಎಳೆತ ನೆಲಕ್ಕೆ ಮುಟ್ಟುತ್ತದೆ, ಕೋಶ ಮುಂದೆ ಸಾಗುತ್ತದೆ. ಕೂಡದಿದ್ದರೆ ಆಕ್ಟಿನ್ ಸುಮ್ನೆ ಹಿಂದಕ್ಕೆ ಜಾರುತ್ತದೆ.

ಕೆಸರಲ್ಲಿ ನೆಟ್ಟ ಗೂಟಕ್ಕೆ ಹಗ್ಗ ಕಟ್ಟಿ ಎಳೆದರೆ ಗೂಟವೇ ನಿಮ್ಮ ಕಡೆ ಬರುತ್ತದೆ, ಹಗ್ಗ ಬಿಗಿಯಾಗೋದೇ ಇಲ್ಲ. ಗಟ್ಟಿ ನೆಲದಲ್ಲಿ ನೆಟ್ಟಿದ್ದರೆ ತಕ್ಷಣ ಬಿಗಿಯಾಗುತ್ತದೆ. ಕೋಶದಲ್ಲೂ ಅಷ್ಟೇ. ನೆಲ ಗಟ್ಟಿ ಇದ್ದರೆ ಟಾಲಿನ್ ಮೇಲೆ ಬಲ ಬೇಗ ಏರುತ್ತದೆ. ಸುಮಾರು 5 ಪಿಕೋನ್ಯೂಟನ್ ಆಗುವಷ್ಟರಲ್ಲಿ ಅದರ ಒಂದು ಮಡಿಕೆ ಬಿಚ್ಚಿಕೊಳ್ಳುತ್ತದೆ. ಒಳಗೆ ಅಡಗಿದ್ದ ಜಾಗಕ್ಕೆ ವಿಂಕ್ಯುಲಿನ್ ಅನ್ನೋ ಇನ್ನೊಂದು ಪ್ರೋಟೀನ್ ಬಂದು ಅಂಟುತ್ತದೆ. ಹಿಡಿತ ಬಲವಾಗುತ್ತದೆ. ಒಂದೇ ಅಣುವನ್ನು ಹಿಡಿದು ಎಳೆದು ಇದನ್ನು ತೋರಿಸಿದ್ದು 2009ರಲ್ಲಿ. ಎಲ್ಲಿ ಹಿಡಿತ ಬಲವೋ ಆ ಕಡೆಯ ಅಂಚು ಗೆಲ್ಲುತ್ತದೆ. ದಿಕ್ಕು ತೀರ್ಮಾನ ಆಗೋದು ಹೀಗೆ.

ಎರಡನೇ_ಬೆಂಚು:
ಅಂದ್ರೆ ಕೊನೆಗೆ ಅದೂ ರಾಸಾಯನಿಕವೇ ಆಯ್ತಲ್ಲ? ಪ್ರೋಟೀನು ಪ್ರೋಟೀನಿಗೆ ಅಂಟೋದು ತಾನೇ?

ಭೌತಿ:
ಒಳಗೆ ನಡೆಯೋದು ರಾಸಾಯನಿಕ ಕ್ರಿಯೆಯೇ. ಅದನ್ನು ಶುರು ಮಾಡಿದ್ದು ಬಲ. ಕಣ್ಣಿನಲ್ಲೂ ಬೆಳಕು ಬಿದ್ದ ಮೇಲೆ ನಡೆಯೋದೆಲ್ಲ ರಾಸಾಯನಿಕ. ಹಾಗಂತ ನೋಡೋದಕ್ಕೆ ಬೆಳಕು ಬೇಡ ಅನ್ನೋಕ್ಕಾಗುತ್ತಾ? ಪೊರೆಯಲ್ಲಿರುವ ಪಿಯೆಜೊ ಚಾನೆಲ್‌ಗಳೂ ಹಾಗೇ, ಪೊರೆ ಹಿಗ್ಗಿದರೆ ತೆರೆದುಕೊಂಡು ಕ್ಯಾಲ್ಸಿಯಂ ಒಳಗೆ ಬಿಡುತ್ತವೆ. 2010ರಲ್ಲಿ ಇವನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಸಿಕ್ಕಿತು.

ಕೋಡ್_ಕೋಶ:
"ಕೋಶ ಗಟ್ಟಿ ಕಡೆಗೇ ಹೋಗುತ್ತೆ" ಅನ್ನೋದನ್ನ ದಯವಿಟ್ಟು ನಿಯಮ ಮಾಡಬೇಡಿ. ನಾನು ಇದರ ಗಣಿತದ ಮಾದರಿಗಳ ಮೇಲೆ ಕೆಲಸ ಮಾಡುತ್ತೇನೆ. ಭೌತಿ ಹೇಳಿದ ಲೆಕ್ಕವನ್ನೇ ಮುಂದುವರಿಸಿ. ನೆಲ ತೀರಾ ಗಟ್ಟಿಯಾದರೆ ಬಲ ಎಷ್ಟು ಬೇಗ ಏರುತ್ತದೆ ಅಂದ್ರೆ, ಹೊಸ ಹಿಡಿತ ಸೇರುವ ಮೊದಲೇ ಇದ್ದ ಹಿಡಿತವೂ ಬಿಟ್ಟುಹೋಗುತ್ತದೆ. ಆಗ ಎಳೆತ ಮತ್ತೆ ಕಡಿಮೆ. ಅಂದರೆ ನಡುವೆ ಎಲ್ಲೋ ಎಳೆತ ಅತಿ ಹೆಚ್ಚಾಗುವ ಒಂದು ಗಟ್ಟಿತನ ಇರುತ್ತದೆ. ಕೋಶ ಆ ಕಡೆಗೆ ಹೊರಡುತ್ತದೆ. ಅದು ಈಗಿರುವ ಜಾಗಕ್ಕಿಂತ ಮೆತ್ತಗಿದ್ದರೂ ಸರಿ.

ಇದು ಬರೀ ಲೆಕ್ಕ ಅಲ್ಲ. 2022ರಲ್ಲಿ ಮಿದುಳಿನ ಗಂಟಿನಿಂದ ಬಂದ ಕೋಶಗಳು ಗಟ್ಟಿ ಕಡೆಯಿಂದ ಮೆತ್ತಗಿನ ಕಡೆಗೆ ಹೋಗೋದನ್ನ ಜೆಲ್ ಮೇಲೆ ತೋರಿಸಿದ್ದಾರೆ. ಟಾಲಿನ್ ಹಿಡಿತ ಬಲಪಡಿಸುವ ಕೋಶಗಳಲ್ಲಿ ಈ ನಡುವಿನ ಬಿಂದು ತುಂಬಾ ಮೇಲಕ್ಕೆ ಹೋಗುತ್ತದೆ. ಅದಕ್ಕೇ ಅವು ಯಾವಾಗಲೂ ಗಟ್ಟಿ ಕಡೆಗೆ ಹೋದ ಹಾಗೆ ಕಾಣುತ್ತವೆ.

ಮೃದುಜೆಲ್:
@ಕೋಡ್_ಕೋಶ ಒಪ್ಪಿದೆ. ಆದರೆ ಫೈಬ್ರೊಬ್ಲಾಸ್ಟ್ ವಿಷಯದಲ್ಲಿ ನಾವು ಪ್ರಯೋಗದಲ್ಲಿ ಬಳಸುವ ಗಟ್ಟಿತನದ ಮಿತಿಯೊಳಗೆ ಅದು ಗಟ್ಟಿ ಕಡೆಗೇ ಹೋಗುತ್ತದೆ. ಹೇಳಿದ್ದು ಅದನ್ನೇ.

ಕೋಡ್_ಕೋಶ:
ಹಾಗೆ ಮಿತಿ ಹೇಳಿದರೆ ತಕರಾರಿಲ್ಲ. ಪಾಠದಲ್ಲಿ ಮಾತ್ರ ಆ ಮಿತಿ ಬಿಟ್ಟುಹೋಗುತ್ತದೆ, ಅದೇ ನನ್ನ ಚಿಂತೆ.

ಜೀವಶಾಸ್ತ್ರದ_ಮೇಷ್ಟ್ರು:
ಇವೆಲ್ಲ ಚೆನ್ನಾಗಿದೆ, ಟಿಪ್ಪಣಿ ಮಾಡಿಕೊಂಡೆ. ಆದರೆ ಎಲ್ಲವೂ ಜೆಲ್ ಮೇಲೆ. ದೇಹದೊಳಗೆ ಗಟ್ಟಿತನವೂ ಬದಲಾಗುತ್ತೆ, ರಾಸಾಯನಿಕವೂ ಬದಲಾಗುತ್ತೆ, ರಕ್ತ ಹರಿಯುತ್ತಾ ಇರುತ್ತೆ. ಅಲ್ಲಿ ಬಲದ ಪಾಲು ಇಷ್ಟು ಅಂತ ಬೇರೆ ಮಾಡಿ ತೋರಿಸಿದವರಿದ್ದಾರಾ?

ಭ್ರೂಣವೀಕ್ಷಕ:
ಇದ್ದಾರೆ ಸರ್. ಲಂಡನ್ನಿನ ರೊಬೆರ್ಟೊ ಮೇಯರ್ ಅವರ ಗುಂಪಿನ ಕೆಲಸ ನೋಡಿ. ನಿಮ್ಮ ವಿದ್ಯಾರ್ಥಿನಿಗೆ ಇದೇ ಉತ್ತರ.

ಕ್ಸೆನೊಪಸ್ ಅನ್ನೋ ಕಪ್ಪೆಯ ಭ್ರೂಣದಲ್ಲಿ ನ್ಯೂರಲ್ ಕ್ರೆಸ್ಟ್ ಅಂತ ಒಂದು ಕೋಶಗಳ ಗುಂಪು ಇದೆ. ನಮ್ಮಲ್ಲೂ ಇದೆ. ಬೆನ್ನಿನ ಭಾಗದಿಂದ ಹೊರಟು ದೂರ ದೂರ ಹೋಗಿ ಮುಖದ ಎಲುಬು, ಮೃದ್ವಸ್ಥಿ, ಚರ್ಮದ ಬಣ್ಣದ ಕೋಶ, ನರಗಳು, ಹೀಗೆ ಏನೇನೋ ಆಗುತ್ತವೆ. ಇವು ಹೊರಡೋದು ಒಂದು ನಿರ್ದಿಷ್ಟ ಹೊತ್ತಿಗೆ. ಆ ಹೊತ್ತು ಬಂತು ಅಂತ ಯಾರು ಹೇಳ್ತಾರೆ?

2018ರಲ್ಲಿ ಅವರು ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಅನ್ನೋ, ಮೆಲ್ಲಗೆ ಒತ್ತಿ ನೋಡುವ ಉಪಕರಣದಿಂದ ಜೀವಂತ ಭ್ರೂಣದೊಳಗೇ ಗಟ್ಟಿತನ ಅಳೆದರು. ಕ್ರೆಸ್ಟ್ ಕೋಶಗಳ ಕೆಳಗೆ ಇರುವ ಮೆಸೊಡರ್ಮ್ ಪದರ, ಅವು ಹೊರಡುವ ಹೊತ್ತಿಗೆ ಸರಿಯಾಗಿ ಗಟ್ಟಿಯಾಗಿತ್ತು. ಕಾರಣ ಸರಳ. ಭ್ರೂಣ ಉದ್ದವಾಗುತ್ತಾ ಹೋದ ಹಾಗೆ ಆ ಪದರದಲ್ಲಿ ಹೆಚ್ಚು ಹೆಚ್ಚು ಕೋಶಗಳು ಬಂದು ಒತ್ತೊತ್ತಾಗಿ ಸೇರುತ್ತವೆ. ಆ ಪದರ ಗಟ್ಟಿಯಾಗದ ಹಾಗೆ ತಡೆದರು, ಕ್ರೆಸ್ಟ್ ಕೋಶಗಳು ಹೊರಡಲಿಲ್ಲ. ಇನ್ನೂ ಮೆತ್ತಗಿರುವಾಗಲೇ ಹೊರಗಿನಿಂದ ಒತ್ತಿ ಗಟ್ಟಿ ಮಾಡಿದರು, ಹೊತ್ತಿಗೆ ಮೊದಲೇ ಹೊರಟವು.

ಜೀವಶಾಸ್ತ್ರದ_ಮೇಷ್ಟ್ರು:
ಗಟ್ಟಿಯಾಗದ ಹಾಗೆ ತಡೆದದ್ದು ಹೇಗೆ? ಮಯೋಸಿನ್ ನಿಲ್ಲಿಸಿದರೆ, ಇಲ್ಲಾ ಯಾವುದೋ ಜೀನ್ ಮುಟ್ಟಿದರೆ ಆ ಪದರದ ರಾಸಾಯನಿಕವೂ ಬದಲಾಗುತ್ತಲ್ಲ. ಆಗ ಅದು ಬಲದ ಸಾಕ್ಷಿ ಹೇಗಾಯಿತು?

ಭ್ರೂಣವೀಕ್ಷಕ:
ಸರಿಯಾದ ಜಾಗ ಹಿಡಿದಿರಿ. ಅದಕ್ಕೇ ಒಂದೇ ಉಪಾಯ ನೆಚ್ಚಿಕೊಂಡು ಕೂತಿಲ್ಲ, ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿದ್ದಾರೆ. ಹೊರಗಿನಿಂದ ಒತ್ತಿದ ಪ್ರಯೋಗ ಅದಕ್ಕೇ ಮುಖ್ಯ. ಅಲ್ಲಿ ಯಾವ ಜೀನನ್ನೂ ಮುಟ್ಟಿಲ್ಲ, ಒತ್ತಿದ್ದು ಅಷ್ಟೇ. ತಡೆದಾಗ ನಿಂತಿತು ಅನ್ನೋದು ಅರ್ಧ ಸಾಕ್ಷಿ. ಒತ್ತಿದಾಗ ಹೊರಟಿತು ಅನ್ನೋದು ಸೇರಿದಾಗಲೇ ವಾದ ಪೂರ್ತಿ ನಿಲ್ಲೋದು.

ಕೋಡ್_ಕೋಶ:
ಆದರೆ ಅದು "ಯಾವಾಗ ಹೊರಡಬೇಕು" ಅನ್ನೋದಕ್ಕೆ ಉತ್ತರ. "ಯಾವ ಕಡೆಗೆ" ಅನ್ನೋದಕ್ಕಲ್ಲ. ಮೇಷ್ಟ್ರು ಕೇಳಿದ್ದು ದಿಕ್ಕು.

ಭ್ರೂಣವೀಕ್ಷಕ:
ದಿಕ್ಕಿಗೆ 2021ರ ಕೆಲಸ ಇದೆ, ಅದೇ ಗುಂಪಿನದು. ನನಗೆ ತುಂಬಾ ಇಷ್ಟವಾದದ್ದೂ ಅದೇ. ಕ್ರೆಸ್ಟ್ ಗುಂಪಿನ ಮುಂದೆ ಪ್ಲಾಕೋಡ್ ಅನ್ನೋ ಇನ್ನೊಂದು ಅಂಗಾಂಶ ಇದೆ. ಕ್ರೆಸ್ಟ್ ಕೋಶಗಳು ಅದನ್ನು ಮುಟ್ಟಿದ ಕಡೆ ಅದು ಮೆತ್ತಗಾಗುತ್ತದೆ. ಮುಟ್ಟದ ದೂರದ ಭಾಗ ಗಟ್ಟಿಯಾಗೇ ಉಳಿಯುತ್ತದೆ. ಹೀಗೆ ಮೆತ್ತಗಿನಿಂದ ಗಟ್ಟಿಗೆ ಒಂದು ಇಳಿಜಾರು ಹುಟ್ಟುತ್ತದೆ. ಗುಂಪು ಗಟ್ಟಿ ಕಡೆಗೆ ಸಾಗುತ್ತದೆ, ಸಾಗಿದ ಹಾಗೆ ಇಳಿಜಾರೂ ಅದರ ಜೊತೆಗೇ ಮುಂದೆ ಹೋಗುತ್ತದೆ. ದಾರಿ ಮೊದಲೇ ಬರೆದಿಟ್ಟಿರಲಿಲ್ಲ, ನಡೆಯುತ್ತಾ ನಡೆಯುತ್ತಾ ತಾವೇ ಮಾಡಿಕೊಂಡವು.

ಅದೇ ಪ್ಲಾಕೋಡ್ ಒಂದು ರಾಸಾಯನಿಕವನ್ನೂ ಬಿಡುತ್ತದೆ, ಕ್ರೆಸ್ಟ್ ಅದರ ಜಾಡನ್ನೂ ಹಿಡಿಯುತ್ತದೆ. ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ ಅಂತಲೇ ಅವರು ಹೇಳೋದು. ಹಾಗಾಗಿ "ರಾಸಾಯನಿಕವೋ ಬಲವೋ" ಅಂತ ಕೇಳೋದಕ್ಕಿಂತ, ಈ ಅಂಗಾಂಶದಲ್ಲಿ ಈ ಹೊತ್ತಿಗೆ ಯಾವುದರ ಪಾಲು ಎಷ್ಟು ಅಂತ ಕೇಳಿದರೆ ಉತ್ತರ ಸಿಗುತ್ತದೆ.

ಸ್ಲೈಡ್_ನೋಡುವವಳು:
ರೋಗಪತ್ತೆ ವಿಭಾಗದಲ್ಲಿ ದಿನಾ ಗಂಟುಗಳ ಸ್ಲೈಡ್ ನೋಡುತ್ತೇನೆ. ಈ ಚರ್ಚೆ ನನ್ನ ಕೆಲಸಕ್ಕೆ ತುಂಬಾ ಹತ್ತಿರ. ಸ್ತನದಲ್ಲಿ ಗಂಟು ಕೈಗೆ ಸಿಗೋದು ಅದು ಗಟ್ಟಿ ಅನ್ನೋ ಕಾರಣಕ್ಕೇ ಅಲ್ವಾ. ಇಲಿಗಳಲ್ಲಿ ಗಟ್ಟಿತನ ಅಳೆದಾಗ ಆರೋಗ್ಯವಂತ ಸ್ತನ ಅಂಗಾಂಶ 200 ಪ್ಯಾಸ್ಕಲ್‌ಗೂ ಕಡಿಮೆ, ಗಂಟು ಸುಮಾರು 4,000 ಪ್ಯಾಸ್ಕಲ್. ಇದು 2005ರ ಕೆಲಸ. 2009ರಲ್ಲಿ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವವನ್ನು ಇಲಿಗಳಲ್ಲಿ ತಡೆದರು. ಅಂಗಾಂಶ ಅಷ್ಟು ಗಟ್ಟಿಯಾಗಲಿಲ್ಲ, ಕ್ಯಾನ್ಸರ್ ಬೆಳವಣಿಗೆಯೂ ನಿಧಾನವಾಯಿತು.

ಸ್ಲೈಡಿನಲ್ಲಿ ನಾನು ಗಮನಿಸೋದು ಎಳೆಗಳ ದಿಕ್ಕು. ಕೆಲವು ಗಂಟುಗಳ ಸುತ್ತ ಕೊಲಾಜೆನ್ ಎಳೆಗಳು ಗಂಟನ್ನು ಬಳಸಿಕೊಂಡು ಮಲಗಿರುತ್ತವೆ. ಇನ್ನು ಕೆಲವದರಲ್ಲಿ ಗಂಟಿನ ಅಂಚಿಗೆ ಲಂಬವಾಗಿ ನೆಟ್ಟಗೆ ಹೊರಕ್ಕೆ ಚಾಚಿರುತ್ತವೆ. ಎರಡನೆಯ ಬಗೆಯಲ್ಲಿ ಕ್ಯಾನ್ಸರ್ ಕೋಶಗಳು ಆ ಎಳೆಗಳನ್ನೇ ಹಿಡಿದು ಹೊರಗೆ ಹೋಗುತ್ತವೆ. ಅಂಥ ಜೋಡಣೆ ಇರುವ ಸ್ತನ ಕ್ಯಾನ್ಸರ್ ರೋಗಿಗಳ ಮುಂದಿನ ಸ್ಥಿತಿ ಹೆಚ್ಚು ಕೆಟ್ಟದ್ದು ಅಂತ 2011ರ ಅಧ್ಯಯನವೊಂದು ತೋರಿಸಿದೆ. ಎಳೆಗಳನ್ನು ಹಾಗೆ ನೆಟ್ಟಗೆ ಮಾಡಿದ್ದೂ ಕೋಶಗಳ ಎಳೆತವೇ.

ಎರಡನೇ_ಬೆಂಚು:
ಹಾಗಾದ್ರೆ ಗಂಟನ್ನು ಮೆತ್ತಗೆ ಮಾಡೋ ಔಷಧಿ ಕೊಟ್ಟರೆ ಕ್ಯಾನ್ಸರ್ ಹರಡಲ್ಲ?

ಸ್ಲೈಡ್_ನೋಡುವವಳು:
ಅಷ್ಟು ನೇರ ಇಲ್ಲಪ್ಪ. ಗಂಟಿನ ಸುತ್ತಲಿನ ಗಟ್ಟಿ ಪದರ ಕೆಲವು ಸಲ ಹರಡೋದನ್ನ ತಡೆದೂ ಹಿಡಿದಿರುತ್ತದೆ. ಮೇದೋಜೀರಕದ ಕ್ಯಾನ್ಸರಿನಲ್ಲಿ ಆ ಪದರ ಮಾಡುವ ಕೋಶಗಳನ್ನು ಇಲಿಗಳಿಂದ ತೆಗೆದಾಗ ರೋಗ ಇನ್ನೂ ಜೋರಾದದ್ದೂ ಇದೆ. ಯಾವ ಅಂಗ, ಯಾವ ಹಂತ ಅಂತ ನೋಡದೆ ಏನೂ ಹೇಳಬಾರದು.

ಭೌತಿ:
ಇಲ್ಲಿವರೆಗೆ ನಾವು ಒಂಟಿ ಕೋಶದ ಲೆಕ್ಕವನ್ನೇ ಹೇಳಿದ್ದೇವೆ. ಜೀವಂತ ಅಂಗಾಂಶದಲ್ಲಿ ಕೋಶಗಳು ಕೈ ಕೈ ಹಿಡಿದು ಹೋಗೋದೇ ಜಾಸ್ತಿ. ಚರ್ಮದ ಗಾಯ ಮುಚ್ಚುವಾಗ ಹಾಳೆಗೆ ಹಾಳೆಯೇ ಸರಿಯುತ್ತದೆ.

ಮುಂದಿನ ಸಾಲಿನ ಕೋಶಗಳು ಎಳೆಯುತ್ತವೆ, ಹಿಂದಿನವು ಸುಮ್ನೆ ಹಿಂಬಾಲಿಸುತ್ತವೆ ಅಂತ ಮೊದಲು ಅಂದುಕೊಂಡಿದ್ದರು. 2009ರಲ್ಲಿ ಶಾವಿಯೆರ್ ಟ್ರೆಪಾಟ್ ಮತ್ತು ಜೊತೆಗಾರರು ಹಾಳೆಯ ಒಂದೊಂದು ಜಾಗದ ಎಳೆತವನ್ನೂ ಅಳೆದು ನೋಡಿದರು. ಅಂಚಿನಿಂದ ಎಷ್ಟೋ ಸಾಲು ಹಿಂದಿರುವ ಕೋಶಗಳೂ ನೆಲವನ್ನು ಎಳೆಯುತ್ತಿದ್ದವು. ಕೋಶದಿಂದ ಕೋಶಕ್ಕೆ ಎಳೆತ ದಾಟುತ್ತಾ ಇಡೀ ಹಾಳೆ ಬಿಗಿಯಾಗಿತ್ತು. ಎರಡು ವರ್ಷದ ಮೇಲೆ ಇನ್ನೊಂದು ವಿಷಯ ಬಂತು. ಹಾಳೆಯೊಳಗೆ ಬಿಗಿತ ಯಾವ ದಿಕ್ಕಿನಲ್ಲಿ ಹೆಚ್ಚೋ, ಕೋಶಗಳು ಆ ದಿಕ್ಕಿನ ಉದ್ದಕ್ಕೇ ಸಾಗುತ್ತವೆ.

ಮೃದುಜೆಲ್:
ಇದಕ್ಕೆ 2016ರದ್ದನ್ನೂ ಸೇರಿಸಿ. ಸ್ತನದ ಒಂದು ಬಗೆಯ ಕೋಶಗಳನ್ನು ಗಟ್ಟಿತನ ಮೆಲ್ಲಗೆ ಏರುವ ಜೆಲ್ ಮೇಲೆ ಒಂದೊಂದಾಗಿ ಬಿಟ್ಟರೆ ದಿಕ್ಕೇ ಹಿಡಿಯಲಿಲ್ಲ. ಅವನ್ನೇ ಗುಂಪಾಗಿ ಬಿಟ್ಟರೆ ಗಟ್ಟಿ ಕಡೆಗೆ ಹೋದವು. ಒಂದು ಕೋಶದ ಅಗಲದಲ್ಲಿ ವ್ಯತ್ಯಾಸ ತೀರಾ ಕಡಿಮೆ, ಗೊತ್ತಾಗಲ್ಲ. ಗುಂಪಿನ ಈ ತುದಿಯಿಂದ ಆ ತುದಿಗೆ ವ್ಯತ್ಯಾಸ ದೊಡ್ಡದು. ಕೋಶಗಳ ನಡುವಿನ ಬೆಸುಗೆ ಸಡಿಲ ಮಾಡಿದರೆ ಆ ಗುಣ ಹೋಯಿತು.

ಜೀವಶಾಸ್ತ್ರದ_ಮೇಷ್ಟ್ರು:
ಒಂದಕ್ಕೆ ಆಗದ್ದು ಗುಂಪಿಗೆ ಆಗುತ್ತೆ! ಇದು ಪಾಠಕ್ಕೆ ಖಂಡಿತ ಸೇರುತ್ತೆ.

ಗಾಯಪಟ್ಟಿ:
ನಾನು ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸ್. ಜೆಲ್ ಗಿಲ್ ಗೊತ್ತಿಲ್ಲ, ಆದರೆ ಗಾಯ ನೋಡಿದ್ದೀನಿ. ಎದೆ, ಭುಜ, ಮಂಡಿ, ಎಲ್ಲಿ ಚರ್ಮ ಸದಾ ಎಳೆದಾಡುತ್ತೋ ಅಲ್ಲಿ ಹೊಲಿಗೆಯ ಕಲೆ ಅಗಲವಾಗಿ, ದಪ್ಪವಾಗಿ ಉಳಿಯುತ್ತೆ. ರೆಪ್ಪೆಯ ಮೇಲಿನ ಗಾಯದ ಕಲೆ ಹುಡುಕಬೇಕು, ಅಷ್ಟು ಸಣ್ಣದಾಗಿರುತ್ತೆ. ರೋಗಿಗಳು ನಮ್ಮನ್ನೇ ಕೇಳ್ತಾರೆ, ಹೊಲಿದವರು ಸರಿಯಾಗಿ ಹೊಲಿದಿಲ್ವಾ ಅಂತ. ಹೊಲಿಗೆ ಚೆನ್ನಾಗೇ ಇರುತ್ತೆ. ಎಳೆತ ಜಾಸ್ತಿ ಇರೋ ಜಾಗ ಅದು, ಅಷ್ಟೇ. ಇದಕ್ಕೂ ನೀವು ಹೇಳ್ತಿರೋದಕ್ಕೂ ಸಂಬಂಧ ಇದೆ ಅಲ್ವಾ?

ಮೃದುಜೆಲ್:
ನೇರ ಸಂಬಂಧ ಇದೆ ಮೇಡಂ. ಗಾಯಕ್ಕೆ ಬಂದ ಫೈಬ್ರೊಬ್ಲಾಸ್ಟ್ ಎಳೆತಕ್ಕೆ ಸಿಕ್ಕರೆ ಮಯೋಫೈಬ್ರೊಬ್ಲಾಸ್ಟ್ ಅನ್ನೋ ಬೇರೆ ಬಗೆಯ ಕೋಶ ಆಗುತ್ತದೆ. ಅದು ಇನ್ನೂ ಜೋರಾಗಿ ಎಳೆಯುತ್ತದೆ, ಇನ್ನೂ ಕೊಲಾಜೆನ್ ಸುರಿಯುತ್ತದೆ. ಅಂಗಾಂಶ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದಕ್ಕೇ ಇನ್ನಷ್ಟು ಕೋಶಗಳು ಹಾಗೇ ಬದಲಾಗುತ್ತವೆ. ಈ ಚಕ್ರ ಎಲ್ಲೋ ಒಂದು ಕಡೆ ನಿಲ್ಲಬೇಕು. ನಿಲ್ಲದಿದ್ದರೆ ದಪ್ಪ ಕಲೆ.

ಎಳೆತದ ಸಂಕೇತವನ್ನು ನ್ಯೂಕ್ಲಿಯಸ್‌ಗೆ ಮುಟ್ಟಿಸೋದರಲ್ಲಿ ಯಾಪ್ ಅನ್ನೋ ಪ್ರೋಟೀನಿಗೆ ದೊಡ್ಡ ಪಾತ್ರ ಇದೆ. 2021ರಲ್ಲಿ ಇಲಿಗಳ ಗಾಯದಲ್ಲಿ ವರ್ಟೆಪೋರ್ಫಿನ್ ಅನ್ನೋ ಔಷಧಿಯಿಂದ ಯಾಪ್ ತಡೆದಾಗ ಕಲೆಯ ಬದಲು ಕೂದಲಿನ ಬುಡ ಸಮೇತ ಚರ್ಮವೇ ಮರಳಿ ಬೆಳೆಯಿತು.

ಭ್ರೂಣವೀಕ್ಷಕ:
ಚರ್ಮದ ಎಳೆತದ ಬಗ್ಗೆ ಹಳೆಯ ಕೆಲಸವೂ ಇದೆ. 1861ರಲ್ಲಿ ಕಾರ್ಲ್ ಲ್ಯಾಂಗರ್ ಶವಗಳ ಚರ್ಮಕ್ಕೆ ದುಂಡನೆಯ ಮೊನೆಯಿಂದ ತೂತು ಹಾಕಿದರು. ತೂತುಗಳು ದುಂಡಗೆ ಉಳಿಯಲಿಲ್ಲ, ಒಂದು ದಿಕ್ಕಿಗೆ ಉದ್ದವಾದವು. ಆ ದಿಕ್ಕುಗಳನ್ನು ಮೈ ತುಂಬಾ ಗುರುತಿಸಿದರು. ಶಸ್ತ್ರವೈದ್ಯರು ಈಗಲೂ ಕತ್ತರಿಸುವಾಗ ಅಂಥ ಗೆರೆಗಳನ್ನು ನೋಡಿಕೊಳ್ಳುತ್ತಾರೆ.

ಭ್ರೂಣದ ಗಾಯ ಮಾತ್ರ ಬೇರೆ ರೀತಿ ಮುಚ್ಚುತ್ತದೆ. ಕೋಳಿಯ ಭ್ರೂಣದ ರೆಕ್ಕೆಯ ಗಾಯದಲ್ಲಿ ಅಂಚಿನ ಕೋಶಗಳು ತೆವಳಿಕೊಂಡು ಬರೋದಿಲ್ಲ. ಅಂಚಿನ ಸುತ್ತ ಆಕ್ಟಿನ್ ಉಂಗುರ ಒಂದು ಕೋಶದಿಂದ ಇನ್ನೊಂದಕ್ಕೆ ಸೇರಿಕೊಂಡು ಬಿಗಿಯುತ್ತಾ ಹೋಗುತ್ತದೆ. ಇದನ್ನು 1992ರಲ್ಲಿ ತೋರಿಸಿದರು.

ಗಾಯಪಟ್ಟಿ:
ಉಪಯೋಗ ಆಯ್ತು. ಎಳೆತ ಇಳಿಸೋಕೆ ಕಲೆಯ ಮೇಲೆ ಪಟ್ಟಿ ಹಾಕೋದು ಸುಮ್ನೆ ಅಲ್ಲ ಅನ್ನಿ.

ಮೃದುಜೆಲ್:
ಸುಮ್ನೆ ಅಲ್ಲ. ಹಂದಿಗಳಲ್ಲೂ ಮನುಷ್ಯರಲ್ಲೂ ಎಳೆತ ತಗ್ಗಿಸುವ ಪಟ್ಟಿಯಿಂದ ಕಲೆ ಕಡಿಮೆಯಾಗಿದ್ದು 2011ರಲ್ಲೇ ಪ್ರಕಟವಾಗಿದೆ.

ಅಮ್ಮನ_ಮಗ:
ವಿಷಯಕ್ಕೆ ಸ್ವಲ್ಪ ಹೊರಗೆ. ನನ್ನ ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಕಲೆಯನ್ನು ದಿನಾ ಎಣ್ಣೆ ಹಚ್ಚಿ ತಿಕ್ಕಿದರೆ ಒಳ್ಳೆಯದಾ, ಎಳೆತ ಜಾಸ್ತಿಯಾಗಿ ಕೆಟ್ಟದ್ದಾ?

ಗಾಯಪಟ್ಟಿ:
ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮುಚ್ಚುವವರೆಗೆ ಮುಟ್ಟಲೇಬೇಡಿ. ಆಮೇಲೂ ಆಪರೇಷನ್ ಮಾಡಿದವರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿಯೇ ಮಾಡಿ. ಮಂಡಿ ಮಡಚುವ ವ್ಯಾಯಾಮ ಮಾತ್ರ ಅವರು ಹೇಳಿದ ಹಾಗೆ ಬಿಡದೆ ಮಾಡಿಸಿ. ಕಲೆಗೆ ಹೆದರಿ ಮಂಡಿ ಆಡಿಸದೆ ಬಿಟ್ಟರೆ ಕೀಲು ಬಿಗಿಯಾಗುತ್ತೆ, ಅದು ಕಲೆಗಿಂತ ದೊಡ್ಡ ತೊಂದರೆ.

ಅಮ್ಮನ_ಮಗ:
ಧನ್ಯವಾದ ಅಕ್ಕ.

ಹರಿವು:
ರಕ್ತನಾಳದ ಮಾತೇ ಬಂದಿಲ್ಲ! ಜೀವಂತ ಅಂಗಾಂಶದಲ್ಲಿ ಬಲ ಅಂದ್ರೆ ನನಗೆ ಮೊದಲು ನೆನಪಾಗೋದು ಹರಿವು. ರಕ್ತನಾಳದ ಒಳಗೋಡೆಯ ಕೋಶಗಳ ಮೇಲೆ ಹರಿಯುವ ರಕ್ತ ಉಜ್ಜುತ್ತಾ ಇರುತ್ತದೆ. ಅಪಧಮನಿಗಳಲ್ಲಿ ಈ ಉಜ್ಜುವ ಬಲ ಸುಮಾರು 1ರಿಂದ 2 ಪ್ಯಾಸ್ಕಲ್. ಹೇಳೋಕೆ ಸಣ್ಣದು, ಆದರೆ ಕೋಶಗಳು ಅದರ ದಿಕ್ಕಿಗೇ ಉದ್ದವಾಗಿ ಮಲಗುತ್ತವೆ.

ಇಲಿ ಮತ್ತು ಜೀಬ್ರಾ ಮೀನಿನ ಮರಿಗಳಲ್ಲಿ ಹೊಸ ರಕ್ತನಾಳಗಳ ಬಲೆ ಹುಟ್ಟುವಾಗ ಬೇಕಾದ್ದಕ್ಕಿಂತ ಜಾಸ್ತಿ ನಾಳಗಳಿರುತ್ತವೆ. ಆಮೇಲೆ ಕೆಲವು ಇಲ್ಲವಾಗುತ್ತವೆ. ಹೇಗೆ ಗೊತ್ತಾ? ಹರಿವು ಕಡಿಮೆ ಇರುವ ನಾಳದ ಕೋಶಗಳು ಹರಿವು ಜಾಸ್ತಿ ಇರುವ ನಾಳಕ್ಕೆ, ಅದೂ ಹರಿವಿಗೆ ಎದುರಾಗಿ, ವಲಸೆ ಹೋಗುತ್ತವೆ. ಕೋಶಗಳೇ ಹೊರಟುಹೋದ ಮೇಲೆ ನಾಳ ಮುಚ್ಚುತ್ತದೆ. ಮೇಷ್ಟ್ರೇ, ಇದೂ ಜೀವಂತ ಪ್ರಾಣಿಯಲ್ಲೇ ಕಂಡದ್ದು.

ಎರಡನೇ_ಬೆಂಚು:
ಬಿಳಿ ರಕ್ತಕಣನೂ ಎದುರು ಈಜುತ್ತಾ?

ಹರಿವು:
ಈಜೋದಿಲ್ಲ, ತೆವಳುತ್ತದೆ. ಟಿ ಕೋಶ ಅನ್ನೋ ಬಗೆಯ ಬಿಳಿ ರಕ್ತಕಣಗಳು ಗೋಡೆಯ ಮೇಲಿನ ಒಂದು ಅಂಟು ಪ್ರೋಟೀನನ್ನು ಹಿಡಿದು ಹರಿವಿಗೆ ಎದುರಾಗಿ ತೆವಳೋದನ್ನ ಪ್ರಯೋಗದಲ್ಲಿ ನೋಡಿದ್ದಾರೆ. ಬೇರೆ ಅಂಟು ಪ್ರೋಟೀನ್ ಕೊಟ್ಟರೆ ಹರಿವಿನ ಜೊತೆಗೇ ಹೋಗುತ್ತವೆ.

ಭೌತಿ:
ಬಿಳಿ ರಕ್ತಕಣಗಳ ವಿಷಯಕ್ಕೆ ಬಂದರೆ ನಾನು ಮೊದಲು ಹೇಳಿದ ಇಂಟಿಗ್ರಿನ್ ಕಥೆ ಎಲ್ಲ ಕಡೆ ನಡೆಯಲ್ಲ. 2008ರಲ್ಲಿ ಇಲಿಯ ಡೆಂಡ್ರೈಟಿಕ್ ಕೋಶಗಳಿಂದ (ಇವೂ ಒಂದು ಬಗೆಯ ಬಿಳಿ ರಕ್ತಕಣ) ಇಂಟಿಗ್ರಿನ್‌ಗಳನ್ನೆಲ್ಲ ತೆಗೆದು ನೋಡಿದರು. ಚಪ್ಪಟೆ ನೆಲದ ಮೇಲೆ ಅವು ಮುಂದೆ ಹೋಗಲಾರವು. ಅಂಗಾಂಶದೊಳಗೆ ಮಾತ್ರ ಆರಾಮಾಗಿ ಸಾಗಿದವು. ಸುತ್ತ ಎಲ್ಲ ಕಡೆಯಿಂದ ಒತ್ತಿಕೊಂಡಿರುವಾಗ ಅಂಟಿಕೊಳ್ಳುವ ಅಗತ್ಯವೇ ಇಲ್ಲ, ಒಳಗಿನ ಆಕ್ಟಿನ್ ಹರಿವು ಮತ್ತು ಹೊರಗಿನ ಉಜ್ಜಾಟವೇ ಸಾಕು.

ಸ್ಲೈಡ್_ನೋಡುವವಳು:
ಅಂಥ ಇಕ್ಕಟ್ಟಿನಲ್ಲಿ ನ್ಯೂಕ್ಲಿಯಸ್ಸೇ ತೊಡಕು. ಕೋಶದ ಉಳಿದ ಭಾಗ ಹೇಗೆ ಬೇಕಾದರೂ ಬಾಗುತ್ತದೆ, ನ್ಯೂಕ್ಲಿಯಸ್ ದೊಡ್ಡದು, ಗಟ್ಟಿ. ಎಳೆಗಳನ್ನು ಕತ್ತರಿಸುವ ಕಿಣ್ವ ತಡೆದಾಗ, ಗಂಟಿನ ಕೋಶಗಳು ಸುಮಾರು 7 ಚದರ ಮೈಕ್ರೊಮೀಟರ್‌ಗಿಂತ ಸಣ್ಣ ಸಂದಿಯಲ್ಲಿ ಸಿಕ್ಕಿಹಾಕಿಕೊಂಡವು. ಟಿ ಕೋಶಕ್ಕೆ ಆ ಮಿತಿ 4, ಇನ್ನೊಂದು ಬಗೆಯ ಬಿಳಿ ರಕ್ತಕಣ ನ್ಯೂಟ್ರೊಫಿಲ್‌ಗೆ 2. ನ್ಯೂಟ್ರೊಫಿಲ್‌ನ ನ್ಯೂಕ್ಲಿಯಸ್ ತುಂಡು ತುಂಡಾಗಿ ಮಣಿ ಪೋಣಿಸಿದ ಹಾಗಿರೋದು ನಮಗೆಲ್ಲ ಗೊತ್ತು, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ತೂರಿಕೊಂಡು ಹೋಗುವಾಗ ಕೆಲವು ಸಲ ನ್ಯೂಕ್ಲಿಯಸ್‌ನ ಪೊರೆ ಹರಿಯುತ್ತದೆ, ಡಿಎನ್‌ಎಗೆ ಪೆಟ್ಟಾಗುತ್ತದೆ. ಕೋಶ ಅದನ್ನು ಬೇಗ ಹೊಲಿದುಕೊಳ್ಳುತ್ತದೆ. 2016ರಲ್ಲಿ ಎರಡು ಗುಂಪುಗಳು ಇದನ್ನು ತೋರಿಸಿದವು. ಹರಡುವ ಕ್ಯಾನ್ಸರ್ ಕೋಶಗಳು ದಾರಿಯಲ್ಲೇ ಹೊಸ ಬದಲಾವಣೆಗಳನ್ನು ಹೊತ್ತುಕೊಳ್ಳಬಹುದು ಅನ್ನೋ ಯೋಚನೆ ಶುರುವಾದದ್ದು ಅಲ್ಲಿಂದ. ನನ್ನನ್ನು ತುಂಬಾ ಕಾಡುವ ವಿಷಯ ಇದು.

ಕೋಡ್_ಕೋಶ:
ನ್ಯೂಕ್ಲಿಯಸ್ ಬರೀ ತೊಡಕಲ್ಲ, ಅಳತೆಗೋಲೂ ಹೌದು. ಅದು ಅಮುಕಿ ಪೊರೆ ಹಿಗ್ಗಿದರೆ ಒಂದು ಕಿಣ್ವ ಎಚ್ಚೆತ್ತು ಮಯೋಸಿನ್ ಜೋರು ಮಾಡುತ್ತದೆ, ಕೋಶ ಇಕ್ಕಟ್ಟಿನಿಂದ ಹೊರಗೆ ನುಗ್ಗುತ್ತದೆ. 2020ರಲ್ಲಿ ಬಂತು.

ಮೃದುಜೆಲ್:
ಇಷ್ಟೆಲ್ಲ ಓದಿದ ಮೇಲೂ ಎಷ್ಟೋ ಲ್ಯಾಬುಗಳಲ್ಲಿ ಕೋಶದ ಚಲನೆ ನೋಡೋದು ಗಟ್ಟಿ ಪ್ಲಾಸ್ಟಿಕ್ ತಟ್ಟೆಯಲ್ಲಿ. ಪಾಲಿಸ್ಟೈರೀನ್ ಗಟ್ಟಿತನ ಸುಮಾರು 3 ಗಿಗಾಪ್ಯಾಸ್ಕಲ್. ಮಿದುಳು 1 ಕಿಲೋಪ್ಯಾಸ್ಕಲ್ ಆಸುಪಾಸು. ಲಕ್ಷಗಟ್ಟಲೆ ಪಟ್ಟು ವ್ಯತ್ಯಾಸ! ಮಿದುಳಿನ ಕೋಶವನ್ನು ಅಂಥ ನೆಲದ ಮೇಲೆ ಓಡಿಸಿ, ಔಷಧಿ ಹಾಕಿ, ನಿಂತಿತು ಅಂತ ಬರೆಯೋದು ಯಾವ ನ್ಯಾಯ? 2006ರಲ್ಲೇ ಎಂಗ್ಲರ್ ಮತ್ತು ಡಿಶರ್ ಕಾಂಡಕೋಶಗಳನ್ನು ಬೇರೆ ಬೇರೆ ಗಟ್ಟಿತನದ ಜೆಲ್ ಮೇಲೆ ಇಟ್ಟು ತೋರಿಸಿದ್ದರು. ಮಿದುಳಿನಷ್ಟು ಮೆತ್ತಗಿದ್ದರೆ ನರದ ಕಡೆಗೆ, ಸ್ನಾಯುವಿನಷ್ಟಿದ್ದರೆ ಸ್ನಾಯುವಿನ ಕಡೆಗೆ, ಇನ್ನೂ ಗಟ್ಟಿಯಾದರೆ ಎಲುಬಿನ ಕಡೆಗೆ ತಿರುಗುತ್ತವೆ ಅಂತ. ಜೆಲ್ ಮಾಡೋದು ಕಷ್ಟದ ಕೆಲಸ ಏನೂ ಅಲ್ಲ. ಅಭ್ಯಾಸ ಬಿಡೋದು ಕಷ್ಟ.

ಕೋಡ್_ಕೋಶ:
ಜೆಲ್ಲೂ ಪೂರ್ತಿ ಸತ್ಯ ಅಲ್ಲ. ಪಾಲಿಅಕ್ರಿಲಮೈಡ್ ಎಳೆದು ಬಿಟ್ಟರೆ ಮೊದಲಿನ ಹಾಗೇ ಆಗುತ್ತದೆ. ನಿಜವಾದ ಅಂಗಾಂಶ ಎಳೆದು ಹಿಡಿದರೆ ಮೆಲ್ಲಗೆ ಸಡಿಲವಾಗುತ್ತದೆ, ಎಳೆಗಳು ಜರುಗುತ್ತವೆ. ಅದರಿಂದಲೂ ಕೋಶದ ನಡೆ ಬದಲಾಗುತ್ತದೆ.

ಮೃದುಜೆಲ್:
ಪ್ಲಾಸ್ಟಿಕ್‌ಗಿಂತ ಸಾವಿರ ಪಾಲು ವಾಸಿ, ಅಷ್ಟನ್ನಾದರೂ ಒಪ್ಪಿ.

ಕೋಡ್_ಕೋಶ:
ಅದು ಒಪ್ಪಿದೆ.

ಜೀವಶಾಸ್ತ್ರದ_ಮೇಷ್ಟ್ರು:
ಎಲ್ಲರಿಗೂ ಧನ್ಯವಾದ. ಪಾಠಕ್ಕೆ ಕಪ್ಪೆಯ ಭ್ರೂಣದ ಎರಡೂ ಪ್ರಯೋಗ, ರಕ್ತನಾಳದ್ದು, ಗಾಯದ್ದು ತೆಗೆದುಕೊಳ್ಳುತ್ತೇನೆ. ಕೋಡ್_ಕೋಶ ಹೇಳಿದ ಮಿತಿಯನ್ನೂ ಬಿಡದೆ ಹೇಳುತ್ತೇನೆ. ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಈಗಲೇ ಉತ್ತರ ಬೇಕು. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಮೇಲಿಂದ ಒತ್ತಿ ಅಳೆಯುತ್ತದೆ. ಅಂಗಾಂಶದ ಆಳದಲ್ಲಿ ಕೋಶಗಳ ನಡುವಿನ ಬಲ ಅಳೆಯೋದು ಹೇಗೆ?

ಭ್ರೂಣವೀಕ್ಷಕ:
ಎರಡು ದಾರಿ ಹೇಳ್ತೀನಿ. ಒಂದು, ಲೇಸರಿನಿಂದ ಎರಡು ಕೋಶಗಳ ನಡುವಿನ ಅಂಚನ್ನು ಕತ್ತರಿಸೋದು. ಕತ್ತರಿಸಿದ ತುದಿಗಳು ಎಷ್ಟು ವೇಗವಾಗಿ ಹಿಂದೆ ಸರಿಯುತ್ತವೆ ಅಂತ ನೋಡಿದರೆ ಅಲ್ಲಿ ಬಿಗಿತ ಎಷ್ಟಿತ್ತು ಅಂತ ಅಂದಾಜು ಸಿಗುತ್ತದೆ. ಹಣ್ಣುನೊಣದ ಭ್ರೂಣದಲ್ಲಿ ಇದನ್ನು ಬಹಳ ಮಾಡುತ್ತಾರೆ. ಆದರೆ ಅದು ಬೇರೆ ಜಾಗಕ್ಕೆ ಹೋಲಿಸಿ ಹೇಳುವ ಅಳತೆ. ಕತ್ತರಿಸಿದ ಮೇಲೆ ಆ ಜಾಗ ಮೊದಲಿನ ಹಾಗಿರೋದೂ ಇಲ್ಲ.

ಎರಡನೆಯದು 2014ರಲ್ಲಿ ಬಂದದ್ದು. ಕೋಶದಷ್ಟೇ ದೊಡ್ಡ ಎಣ್ಣೆ ಹನಿಯನ್ನು ಜೀವಂತ ಅಂಗಾಂಶದೊಳಗೆ ಬಿಡುತ್ತಾರೆ. ಹನಿಯ ಮೇಲ್ಮೈ ಎಳೆತ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಸುತ್ತಲಿನ ಕೋಶಗಳು ಒತ್ತಿದ ಕಡೆ ತಗ್ಗು ಬೀಳುತ್ತದೆ, ಎಳೆದ ಕಡೆ ಉಬ್ಬುತ್ತದೆ. ಹನಿಯ ಆಕಾರ ನೋಡಿ ಯಾವ ಕಡೆ ಎಷ್ಟು ಬಲ ಅಂತ ಲೆಕ್ಕ ಹಾಕಬಹುದು. ಆಮೇಲೆ ಆಯಸ್ಕಾಂತಕ್ಕೆ ಸ್ಪಂದಿಸುವ ಹನಿ ಮಾಡಿದರು. ಅದನ್ನು ಹೊರಗಿನಿಂದಲೇ ಹಿಗ್ಗಿಸಿ ಅಲ್ಲಿನ ಗಟ್ಟಿತನವನ್ನೂ ಅಳೆಯುತ್ತಾರೆ. ಜೀಬ್ರಾ ಮೀನಿನ ಭ್ರೂಣ ಪಾರದರ್ಶಕ, ಹಾಗಾಗಿ ಅದರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ತರಗತಿಯಲ್ಲಿ ಹನಿಯ ಚಿತ್ರವೊಂದನ್ನು ತೋರಿಸಿ, ಯಾವ ಕಡೆಯಿಂದ ಒತ್ತುತ್ತಿದೆ ಅಂತ ವಿದ್ಯಾರ್ಥಿಗಳನ್ನೇ ಕೇಳಿ. ನೋಡಿದ ಕೂಡಲೇ ಹೇಳುತ್ತಾರೆ.